ಮೌನಿ ದಂಡನಾಯಕ

1944ರಲ್ಲಿ, ಮಹಾಯುದ್ಧ ಇನ್ನೂ ಮುಗಿಯದಿದ್ದಾಗ, ಲಂಡನ್ನಿನಲ್ಲಿ ಇಂಗ್ಲಿಷ್ ಕವಿತೆಗಳ ಸಂಕಲನವೊಂದು ಹೊರಬಂದಿತು: 'ಅದರ್ ಮೆನ್ಸ್ ಫ್ಲವರ್ಸ್', ಅಂದರೆ ಪರರ ಹೂಗಳು. ಸಂಪಾದಕ ಪ್ರಾಧ್ಯಾಪಕನಲ್ಲ, ಭಾರತದ ವೈಸರಾಯ್ ಆಗಿದ್ದ ಫೀಲ್ಡ್ ಮಾರ್ಷಲ್ ವೇವೆಲ್. ಆರಿಸಿದ ಕವಿತೆಗಳು ಬಹುಮಟ್ಟಿಗೆ ಆತನಿಗೆ ಕಂಠಸ್ಥವಾಗಿದ್ದುವು. ಕಟ್ಟಕಡೆಗೆ ತನ್ನದೇ ಒಂದು ಸಾನೆಟ್ಟನ್ನೂ ಸಂಕೋಚದಿಂದಲೇ ಸೇರಿಸಿದ್ದನು. ಅಷ್ಟು ಪದ್ಯಗಳನ್ನು ಬಾಯಲ್ಲಿ ಇಟ್ಟುಕೊಂಡಿರುವ ಸಾಹಿತ್ಯದ ಅಧ್ಯಾಪಕರು ಎಷ್ಟು ಮಂದಿ ಸಿಕ್ಕಾರು?

ಆದರೆ ಸಭೆಯಲ್ಲಿ ಈತನಿಗೆ ಮಾತೇ ಹೊರಡುತ್ತಿರಲಿಲ್ಲ. ಈ ವೈಚಿತ್ರ್ಯವೇ ಆತನ ವೃತ್ತಿಜೀವನದ ಏಳುಬೀಳುಗಳನ್ನು ಬಹಳಮಟ್ಟಿಗೆ ನಿರ್ಧರಿಸಿತು.

ಆರ್ಚಿಬಾಲ್ಡ್ ವೇವೆಲ್ ಹುಟ್ಟಿದ್ದು 1883ರಲ್ಲಿ, ಸೈನಿಕರ ಮನೆತನದಲ್ಲಿ. ವಿಂಚೆಸ್ಟರ್ ಕಾಲೇಜಿನಲ್ಲಿ ಓದಿ, 1901ರಲ್ಲಿ ಬ್ಲ್ಯಾಕ್ ವಾಚ್ ದಳವನ್ನು ಸೇರಿದನು. 1915ರಲ್ಲಿ ಈಪ್ರ್ ರಣರಂಗದಲ್ಲಿ ಎಡಗಣ್ಣು ಹೋಯಿತು. ಎರಡನೆಯ ಮಹಾಯುದ್ಧ ಬಂದಾಗ ಮಧ್ಯಪ್ರಾಚ್ಯದ ಸೇನೆ ಆತನ ಕೈಯಲ್ಲಿತ್ತು. 1940ರ ಡಿಸೆಂಬರಿನಿಂದ ಎರಡು ತಿಂಗಳೊಳಗೆ ಆತನ ಪುಟ್ಟ ಪಡೆ ಲಿಬಿಯಾದ ಮರುಭೂಮಿಯಲ್ಲಿ ಸುಮಾರು 1,30,000 ಇಟಾಲಿಯನ್ನರನ್ನು ಸೆರೆಹಿಡಿಯಿತು. ರಣರಂಗದಲ್ಲಿ ದಳವನ್ನು ನಡೆಸಿದವನು ಓಕಾನರ್. ನಂಬಿ ಬೆನ್ನಿಗೆ ನಿಂತವನು ವೇವೆಲ್.

ಮಾತೇ ಬಂಡವಾಳವಾಗಿದ್ದ ಚರ್ಚಿಲ್ಲನಿಗೆ ಈ ಮೌನ ಮಂದಬುದ್ಧಿಯಂತೆ ತೋರಿತು. ಅದೇ 1940ರ ಆಗಸ್ಟಿನಲ್ಲಿ ಸೊಮಾಲಿಲ್ಯಾಂಡನ್ನು ತೆರವು ಮಾಡಿದಾಗ, ಸತ್ತವರು ಇಷ್ಟು ಕಡಮೆಯೇಕೆ ಎಂದು ಪ್ರಧಾನಿ ಸಂಶಯಪಟ್ಟಿದ್ದನು. ಹೆಣಗಳ ಲೆಕ್ಕ ದೊಡ್ಡದಾದಷ್ಟಕ್ಕೆ ಯುದ್ಧತಂತ್ರ ಉತ್ತಮವಾಗುವುದಿಲ್ಲ ಎಂಬ ಅರ್ಥದ ತಂತಿ ಹೋಯಿತು. ಅಪರೂಪಕ್ಕೆ ಆಡಿದ ಮಾತು ನಾಟುವಂತೆಯೇ ಇತ್ತು. ನಾಟಿದ ಮುಳ್ಳನ್ನು ಚರ್ಚಿಲ್ ಮರೆಯಲಿಲ್ಲ. ಗ್ರೀಸ್, ಕ್ರೀಟ್‌ಗಳ ಸೋಲಿನ ಬಳಿಕ, ರೊಮೆಲ್ಲನ ಎದುರಿನ ಆಕ್ರಮಣವೂ ವಿಫಲವಾಗಿ, 1941ರ ಜೂನಿನಲ್ಲಿ ಪದಚ್ಯುತಿಯ ಸುದ್ದಿ ಕೈರೋ ತಲಪಿತು. ಕ್ಷೌರ ಮಾಡಿಕೊಳ್ಳುತ್ತಿದ್ದ ವೇವೆಲ್, ಪ್ರಧಾನಿ ಮಾಡಿದ್ದು ಸರಿ, ಈ ಕೆಲಸಕ್ಕೆ ಹೊಸ ಕಣ್ಣು ಹೊಸ ಕೈ ಬೇಕು ಎಂದು ಹೇಳಿ ಕ್ಷೌರ ಮುಂದುವರಿಸಿದನಂತೆ.

ಆಗ ದಂಡನಾಯಕನಾಗಿ ಭಾರತಕ್ಕೆ ಬಂದನು. ಇಲ್ಲಿಯ ಕಥೆ ಪೂರ್ತಿ ಪ್ರಶಂಸೆಗೆ ಒದಗುವಂಥದಲ್ಲ. ಜಪಾನೀಯರ ಶಕ್ತಿಯನ್ನು ಆತನು ಕಡಮೆ ಅಂದಾಜು ಮಾಡಿದ್ದುಂಟು. 1942ರ ಕ್ವಿಟ್ ಇಂಡಿಯಾ ಚಳವಳಿಯನ್ನು ಅಡಗಿಸಲು ಆತನ ಸೈನ್ಯವೇ ಹೊರಟಿತು. ಆದರೂ 1943ರ ಅಕ್ಟೋಬರಿನಲ್ಲಿ ವೈಸರಾಯ್ ಆದ ವಾರದೊಳಗೆ, ಕ್ಷಾಮದಿಂದ ಜನ ಸಾಯುತ್ತಿದ್ದ ಬಂಗಾಲಕ್ಕೆ ಧಾವಿಸಿದವನೂ ಆತನೇ. ಹಿಂದಿನ ವೈಸರಾಯ್ ಲಿನ್‌ಲಿತ್‌ಗೋ ಕ್ಷಾಮದ ಕಾಲದಲ್ಲಿ ಅತ್ತ ಸುಳಿದಿರಲಿಲ್ಲ. ವೇವೆಲ್ ಧಾನ್ಯ ಹಂಚಲು ಸೇನೆಯನ್ನು ಹಚ್ಚಿದನು. ಹಡಗಿನಲ್ಲಿ ಧಾನ್ಯ ಕಳುಹಿಸಿರೆಂದು ಲಂಡನ್ನಿಗೆ ಮೇಲಿಂದಮೇಲೆ ತಂತಿ ಹೊಡೆದನು. ಕೇಳಿದಷ್ಟು ಬರಲಿಲ್ಲ. 1944ರಲ್ಲಿ ಚರ್ಚಿಲ್ಲನಿಂದ ಬಂದ ತಂತಿಯೊಂದು, ಗಾಂಧಿ ಇನ್ನೂ ಸತ್ತಿಲ್ಲವೇಕೆ ಎಂದು ಕೇಳಿತ್ತು! ಗಾಂಧೀಜಿಯವರನ್ನು ವೇವೆಲ್ ಕೊನೆಯವರೆಗೂ ಅರ್ಥಮಾಡಿಕೊಳ್ಳಲಿಲ್ಲ, ನಂಬಲೂ ಇಲ್ಲ. ಆದರೂ ಆ ತಂತಿಯ ಬಗ್ಗೆ ಆತನಿಗೆ ಜುಗುಪ್ಸೆಯೇ ಉಂಟಾಯಿತು.

1945ರಲ್ಲಿ ಸಿಮ್ಲಾ ಸಮ್ಮೇಳನ ಮುರಿದುಬಿದ್ದಾಗ ವೈಫಲ್ಯದ ಹೊಣೆಯನ್ನು ಬಹಿರಂಗವಾಗಿ ತನ್ನ ಮೇಲೆಯೇ ಹೊತ್ತನು. 1947ರ ಆರಂಭದಲ್ಲಿ ಅಟ್ಲಿ ಸರಕಾರ ಆತನನ್ನೂ ತೆಗೆದು ಮೌಂಟ್‌ಬ್ಯಾಟನ್ನನನ್ನು ಕಳುಹಿಸಿತು. ಮೂರು ವರ್ಷದಲ್ಲಿ, 1950ರ ಮೇ 24ರಂದು, ವೇವೆಲ್ ತೀರಿಕೊಂಡನು.

ಮಾತಾಡದ ಈ ಮನುಷ್ಯ ದಿನಚರಿಯಲ್ಲಿ ಧಾರಾಳವಾಗಿ ಮಾತಾಡಿದ್ದನೆಂಬುದು ಲೋಕಕ್ಕೆ ತಿಳಿದದ್ದು 1973ರಲ್ಲಿ, ಪೆಂಡರೆಲ್ ಮೂನ್ ಅದನ್ನು ಸಂಪಾದಿಸಿ ಪ್ರಕಟಿಸಿದಾಗ. ಮಂತ್ರಿಗಳು, ನಾಯಕರು, ಸ್ವತಃ ತಾನು, ಯಾರಿಗೂ ಅಲ್ಲಿ ರಿಯಾಯಿತಿಯಿಲ್ಲ. ವಿಂಚೆಸ್ಟರ್ ಕಾಲೇಜಿನ ಅಂಗಳದಲ್ಲಿರುವ ಆತನ ಸಮಾಧಿಶಿಲೆಯ ಮೇಲೆ ಮಾತ್ರ ಕೊರೆದಿರುವುದು ಒಂದೇ ಪದ: ವೇವೆಲ್.