ಬುರುಡೆಯೊಳಗಿನ ಗಾಂಧಾರ

ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಳ್ಳುವ ಭೀಮಾ ನದಿ ಮಂಗಳವೇಢೆಯ ಸೀಮೆ ದಾಟಿ, ಕೂಡಲದಲ್ಲಿ ಸೀನಾ ನದಿಯನ್ನು ಸೇರಿಸಿಕೊಂಡು, ಇಂಡಿ ತಾಲೂಕಿನ ಅಂಚು ಹಿಡಿದು ಅಗರಖೇಡದ ಕಡೆಗೆ ಹರಿದು ಬರುತ್ತದೆ. ಹಿಂದುಸ್ತಾನಿ ಸಂಗೀತದ ತಂಬೂರಿಗೆ ಬೇಕಾದ ದೊಡ್ಡ ಬುರುಡೆ ಬೆಳೆಯುವುದು ಇದೇ ಹೊಳೆಯ ಮೇಲ್ದಂಡೆಯಲ್ಲಿ, ಪಂಢರಪುರ-ಮಂಗಳವೇಢೆಯ ಹೊಲಗಳಲ್ಲಿ. ಅದು ವಾದ್ಯವಾಗುವುದು ಮಿರಜದಲ್ಲಿ. ಅದರ ಜೊತೆ ಹಾಡಿ ಹೆಸರಾದವರಲ್ಲಿ ಬಹಳ ಮಂದಿ ಧಾರವಾಡ, ಕುಂದಗೋಳ, ಗದಗ ಸೀಮೆಯವರು. ಬುರುಡೆ, ಬಡಿಗತನ, ಕಂಠ ಮೂರೂ ಒಂದು ಹಗಲಿನ ಪ್ರಯಾಣದೊಳಗೆ ಸಿಗುವ ಪ್ರದೇಶ ಇದು. ಆದರೂ ತಂಬೂರಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟೋ ಜನ ಲಖನೌ, ಕೋಲ್ಕತ್ತಾ ಎಂದುಬಿಡುತ್ತಾರೆ.

ಭೀಮಾತೀರದ ಹಳ್ಳಿಗಳಲ್ಲಿ ತಂಬೂರಿ ಅಂದರೆ ಮೊದಲು ಕಣ್ಣಮುಂದೆ ಬರುವುದು ಭಜನಿ ಮಂಡಳಿಯದ್ದು, ತತ್ವಪದದವರ ಏಕತಾರಿಯ ಬಳಗದ್ದು. ಆಷಾಢದಲ್ಲಿ ಪಂಢರಪುರಕ್ಕೆ ಹೊರಡುವ ದಿಂಡಿಯಲ್ಲಿ ವಾರಕರಿಯೊಬ್ಬ ಹೆಗಲಿಗೆ ಹಾಕಿಕೊಂಡು ನಡೆಯುವ ವೀಣೆಯೂ ಅದೇ ಕುಲ. ಅವು ನಡೆಯುತ್ತ ನುಡಿಸುವ ವಾದ್ಯಗಳು. ಹಗುರ ಇರಬೇಕು, ಮಳೆಗೂ ಧೂಳಿಗೂ ಅಂಜಬಾರದು. ಇಲ್ಲಿ ಹೇಳಹೊರಟಿರುವುದು ಕೂತು ನುಡಿಸುವ ಅವುಗಳ ಹಿರಿಯ ನೆಂಟನ ಬಗ್ಗೆ, ಗಾಯಕರ ಬೆನ್ನ ಹಿಂದೆ ನೆಟ್ಟಗೆ ನಿಲ್ಲುವ ನಾಲ್ಕೂವರೆ-ಐದು ಅಡಿಯ ತಂಬೂರಿಯ ಬಗ್ಗೆ.

ಒಳ್ಳೆಯ ಗಿಟಾರ್ ಹುಡುಕುವವರು ಮೂರು ಮಾತು ಕೇಳುತ್ತಾರೆ: ನಾದ ಹೇಗಿದೆ, ಕಟ್ಟು ಹೇಗಿದೆ, ಕೈಗೆ ಒಗ್ಗುತ್ತದೆಯೇ. ಮೂರನೆಯದರ ಮೇಲೆ ಅವರಿಗೆ ಹೆಚ್ಚು ಲಕ್ಷ್ಯ. ತಂತಿ ಫ್ರೆಟ್ಟಿನಿಂದ ಎಷ್ಟು ಮೇಲಿದೆ, ಒತ್ತಿದರೆ ಬೆರಳು ನೋಯುತ್ತದೆಯೇ, ಕತ್ತು ಅಂಗೈಯಲ್ಲಿ ಕೂರುತ್ತದೆಯೇ ಎಂದೆಲ್ಲ ನೋಡುತ್ತಾರೆ. ತಂಬೂರಿಗೆ ಫ್ರೆಟ್ಟೇ ಇಲ್ಲ, ಒತ್ತುವ ಪ್ರಶ್ನೆಯೂ ಇಲ್ಲ. ನಾಲ್ಕು ತಂತಿ; ಪಂಚಮ, ಎರಡು ಜೋಡಿ ಷಡ್ಜ, ಕೊನೆಗೆ ಖರ್ಜದ, ಎಂದರೆ ತಗ್ಗಿನ, ಷಡ್ಜ. ಮಾಲಕಂಸ ಹಾಡುವಾಗ ಪಂಚಮದ ಜಾಗಕ್ಕೆ ಮಧ್ಯಮ, ಪೂರಿಯಾಕ್ಕೆ ನಿಷಾದ. ಅಷ್ಟು ಬಿಟ್ಟರೆ ಗಂಟೆಗಟ್ಟಲೆ ಅವೇ ನಾಲ್ಕು ತಂತಿಗಳನ್ನು ಒಂದರ ಹಿಂದೊಂದು ಮೀಟುತ್ತ ಕೂರುವುದು. ಇಷ್ಟಕ್ಕೆ ಒಳ್ಳೆಯದು, ಸಾಧಾರಣದ್ದು ಎಂಬ ಭೇದ ಎಲ್ಲಿಂದ ಬಂತು? ಬುರುಡೆಯ ಗಾತ್ರ, ಮರದ ಜಾತಿ, ಮೇಲಿನ ಕುಸುರಿ ಎಂದು ಹೇಳುವವರಿದ್ದಾರೆ. ಅವೆಲ್ಲ ಬೇಕು, ನಿಜ. ಆದರೆ ತಂಬೂರಿಯ ಯೋಗ್ಯತೆ ನಿರ್ಧಾರವಾಗುವುದು ತಂತಿಗಳು ಹಾದುಹೋಗುವ ಕುದುರೆಯ ಮೇಲ್ಮೈಯಲ್ಲಿ, ಅದನ್ನು ಅರದಿಂದ ಉಜ್ಜಿದವನ ಕಿವಿಯಲ್ಲಿ.

ಮಿರಜ ಹಳೆಯ ತಲೆಮಾರಿನ ಉತ್ತರ ಕರ್ನಾಟಕದವರಿಗೆ ಮಿಷನ್ ಆಸ್ಪತ್ರೆಯ ಊರು, ರೈಲು ಬದಲಿಸುವ ಜಂಕ್ಷನ್. ಸಂಗೀತದವರಿಗೆ ಅದು ಸಿತಾರ್‌ಮೇಕರ್ ಗಲ್ಲಿಯ ಊರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಕತ್ತಿ-ಕಠಾರಿ ಮಾಡುತ್ತ, ಸಾಣೆ ಹಿಡಿಯುತ್ತ ಬಂದಿದ್ದ ಶಿಕಲಗಾರ ಮನೆತನಗಳಿಗೆ ಬ್ರಿಟಿಷರ ಕಾಲದಲ್ಲಿ ಕೆಲಸ ಇಳಿಯಿತು. ಆಗ ಫರೀದ್‌ಸಾಹೇಬ ಎಂಬವರು ವಾದ್ಯ ಕಟ್ಟುವ ಕೆಲಸಕ್ಕೆ ಕೈಹಾಕಿದರು. ಪಟವರ್ಧನ ಸಂಸ್ಥಾನದ ಆಶ್ರಯ ಸಿಕ್ಕಿತು, ಮನೆತನಕ್ಕೆ ಸಿತಾರ್‌ಮೇಕರ್ ಎಂಬ ಅಡ್ಡಹೆಸರೇ ನಿಂತಿತು. ಮುಂದೆ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದರು. ತಂಬೂರಿಯ ಸುರ ಹಚ್ಚುವ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು ಎಂಬುದು ಸಂಗೀತಗಾರರ ನಡುವೆ ಇಂದಿಗೂ ಮಾತು. ಅವರು ತೀರಿಕೊಂಡದ್ದು 1937ರಲ್ಲಿ. ಸಮಾಧಿ ಮಿರಜದ ದರ್ಗಾದ ಆವರಣದಲ್ಲೇ ಇದೆ, ಪ್ರತಿವರ್ಷ ಅಲ್ಲಿ ಗಾಯಕರು ಬಂದು ಹಾಡುತ್ತಾರೆ. ಅವರ ಶಿಷ್ಯ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಇತ್ತ ಮಲ್ಲಿಕಾರ್ಜುನ ಮನಸೂರರೂ ಪಂಚಾಕ್ಷರಿ ಗವಾಯಿಗಳೂ ಕಲಿತದ್ದು ನೀಲಕಂಠಬುವಾ ಮಿರಜಕರ ಬಳಿ. ಕನ್ನಡ ನಾಡಿನ ಹಿಂದುಸ್ತಾನಿ ಸಂಗೀತದ ಬೇರು ಹುಡುಕುತ್ತ ಹೋದರೆ ಕಾಲು ತಾನಾಗಿ ಮಿರಜದ ಹಾದಿ ಹಿಡಿಯುತ್ತದೆ.

ಅದಕ್ಕೂ ಹಿಂದಿನ ಹೆಜ್ಜೆ ವಿಜಾಪುರದಲ್ಲೇ ಇದೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲಶಾಹಿಗೆ ತನ್ನ ತಂಬೂರದ ಮೇಲೆ ಎಂಥ ಪ್ರೀತಿಯೆಂದರೆ ಅದಕ್ಕೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ತನ್ನ ಕಿತಾಬ್-ಎ-ನೌರಸ್ ಹಾಡುಗಳಲ್ಲಿ ಆ ಹೆಸರು ತಂದ. ಫರ್ರುಖ್ ಬೇಗ್ ಬರೆದ, ಸುಲ್ತಾನ ವಾದ್ಯ ಹಿಡಿದು ಕೂತ ಚಿತ್ರ ಈಗ ಪ್ರಾಗ್ ನಗರದ ಸಂಗ್ರಹಾಲಯದಲ್ಲಿದೆ. ಮೋತಿಖಾನನನ್ನೇ ಇಂದಿನ ತಂಬೂರಿಯ ಮುತ್ತಜ್ಜ ಎಂದು ಸಾಧಿಸುವ ಉತ್ಸಾಹ ನನಗಿಲ್ಲ. ಉದ್ದ ಕತ್ತಿನ ತಂತಿವಾದ್ಯಗಳ ವಂಶಾವಳಿ ಗೋಜಲಿನದ್ದು. ವಾದ್ಯಕ್ಕೆ ಮನುಷ್ಯರ ಹೆಸರಿಡುವ ಸಲಿಗೆ ಈ ನೆಲದಲ್ಲಿ ಹಳೆಯದು ಎನ್ನುವಷ್ಟು ಸಾಕು.

ಕಟ್ಟುವ ಕೆಲಸ ಹೊಲದಿಂದ ಶುರು. ತಂಬೂರಿಗೆ ಬೇಕಾದದ್ದು ಪಲ್ಯದ ಸೋರೆಯಲ್ಲ, ಕಹಿ ಜಾತಿಯ ಭಾರೀ ಸೋರೆ. ಕಹಿಯಾದ್ದರಿಂದ ಹುಳ ಬೇಗ ಮುಟ್ಟುವುದಿಲ್ಲ. ಬಳ್ಳಿಯಲ್ಲೇ ಬಲಿತು ಒಣಗಿದ ಕಾಯಿಗಳನ್ನು ಮಿರಜದ ಅಟ್ಟಗಳಲ್ಲಿ ತಿಂಗಳುಗಟ್ಟಲೆ ತೂಗುಹಾಕಿರುತ್ತಾರೆ. ಬೇಕಾದಾಗ ಒಂದನ್ನು ಇಳಿಸಿ, ಬಾಯಿ ಕೊಯ್ದು, ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಒಳಗಿನ ತಿರುಳು-ಬೀಜ ಕೆರೆದು ತೆಗೆಯುತ್ತಾರೆ. ಹಸಿ ಇರುವಾಗಲೇ ಒಳಗೆ ಕಟ್ಟಿಗೆಯ ತುಂಡುಗಳನ್ನು ಆನಿಸಿ ಬೇಕಾದ ಆಕಾರಕ್ಕೆ ಹಿಗ್ಗಿಸಿ ಒಣಗಿಸುತ್ತಾರೆ. ಬುರುಡೆಯ ಬಾಯಿಗೆ ಗುಲು ಎಂಬ ಮರದ ಕೊರಳು, ಅದಕ್ಕೆ ಒಳಗೆ ಪೊಳ್ಳಿರುವ ಉದ್ದ ಕತ್ತು ದಾಂಡಿ, ಮುಂದೆ ತಬಲಿ. ತಬಲಿ ಎಂದರೆ ಬುರುಡೆಯ ತೆರೆದ ಬಾಯಿ ಮುಚ್ಚುವ ಹಲಗೆ, ಚಪ್ಪಟೆಯಲ್ಲ, ನಡುವೆ ತುಸು ಉಬ್ಬು. ಮರ ಸಾಮಾನ್ಯವಾಗಿ ತೂನ್. ಹಗುರ, ಕೆತ್ತಲು ಒಪ್ಪುವಂಥದ್ದು, ಒಣಗಿದ ಮೇಲೆ ಸೆಟೆಯದು. ತಂತಿ ಬಿಗಿಯಲು ತಿರುವುವ ಕುಂಟಿಗಳು ಗಟ್ಟಿಮರದವು. ಗುಲು ಮತ್ತು ಬುರುಡೆ ಕೂಡುವ ಜಾಗದಲ್ಲಿ ಕೆತ್ತಿದ ಎಲೆಗಳನ್ನು ಅಂಟಿಸುವುದು ಅಂದಕ್ಕೆ ಮಾತ್ರವಲ್ಲ, ಇಡೀ ವಾದ್ಯದಲ್ಲಿ ದುರ್ಬಲವಾದ ಬೆಸುಗೆಗೆ ಅದೇ ಆಸರೆ. ಕಡೆಗೆ ಅರಗಿನ ಪಾಲಿಶ್. ಹಿಂದೆ ಅಂಚಿನ ಕುಸುರಿಗೆ ದಂತ ಬಳಸುತ್ತಿದ್ದರು, ಈಗ ಸೆಲ್ಯುಲಾಯ್ಡ್. ಗಿಟಾರಿನ ಜಗತ್ತಿನಲ್ಲೂ ಇಂಥದೇ ಬದಲಾವಣೆ ಆಗಿದೆ. ಬ್ರೆಜಿಲ್ಲಿನ ರೋಸ್‌ವುಡ್ ಸಿಗದಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಿಂದ ಭಾರತದ ಬೀಟೆಗೆ ತಿರುಗಿತು. ನಮ್ಮ ಮಲೆನಾಡಿನಲ್ಲೂ ಬೆಳೆಯುವ ಮರ ಅದು.

ಈಗ ಕುದುರೆಗೆ ಬರೋಣ. ಮಿರಜದವರು ಘೋಡಿ ಎನ್ನುತ್ತಾರೆ. ಗಿಟಾರಿನಲ್ಲಿ ತಂತಿ ಕೂರುವುದು ಸಣ್ಣ ಏಣಿನ ಮೇಲೆ. ತಂತಿ ಎಲ್ಲಿ ಶುರು, ಎಲ್ಲಿ ಮುಗಿತು ಎಂಬುದು ಖಚಿತ. ತಂಬೂರಿಯ ಕುದುರೆ ಅಗಲವಾದ ಮಣೆ, ಮೇಲ್ಮೈ ಕಣ್ಣಿಗೆ ಚಪ್ಪಟೆ ಎನಿಸಿದರೂ ಮುಂದಕ್ಕೆ ಅತಿ ನಿಧಾನವಾಗಿ ಇಳಿಯುವ ಬಾಗು. ಮೀಟಿದ ತಂತಿ ನಡುಗುವಾಗ ಆ ಬಾಗಿನ ಮೇಲೆ ಒಮ್ಮೆ ಇಷ್ಟು, ಒಮ್ಮೆ ಅಷ್ಟು ಎಂದು ತಾಕುತ್ತ ಬಿಡುತ್ತ ಇರುತ್ತದೆ. ತಂತಿಯ ಉದ್ದವೇ ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆಯಾದಂತೆ. ಆ ಸವರಾಟದಿಂದ ಮೂಲಸ್ವರದ ಮೇಲಿನ ಸ್ವರಾಂಶಗಳು ಒಂದೊಂದಾಗಿ ಎದ್ದು ಬೆಳಗುತ್ತವೆ. ಇದಕ್ಕೇ ಜವಾರಿ ಎನ್ನುವುದು. ತಂತಿಗೂ ಕುದುರೆಗೂ ನಡುವೆ ಹತ್ತಿಯ ದಾರದ ಎಳೆ ಸಿಕ್ಕಿಸಿ ಕೂದಲೆಳೆಯಷ್ಟು ಹಿಂದೆಮುಂದೆ ಸರಿಸುತ್ತಾರೆ. ಒಂದು ಕಡೆ ತಂತಿ ಮೊಂಡು, ಇನ್ನೊಂದು ಕಡೆ ಬರೀ ಕರಕರೆ. ನಡುವೆಲ್ಲೋ ಒಂದು ಜಾಗದಲ್ಲಿ ಅದು ಒಮ್ಮೆಲೇ ತೆರೆದುಕೊಳ್ಳುತ್ತದೆ.

ಈ ಬಾಗು ಕೂಡಿಸುವವನ ಕೆಲಸ ನೋಡಬೇಕು. ತಂತಿ ಸಡಿಲಿಸುತ್ತಾನೆ, ಅರವನ್ನು ಕುದುರೆಯ ಮೇಲೆ ನಾಲ್ಕು ಸಲ ಎಳೆಯುತ್ತಾನೆ, ಪುಡಿ ಊದುತ್ತಾನೆ, ನುಣ್ಣನೆಯ ಕಾಗದದಿಂದ ತಿಕ್ಕುತ್ತಾನೆ, ತಂತಿ ಮತ್ತೆ ಏರಿಸಿ ಸುರ ಹಚ್ಚುತ್ತಾನೆ, ಮೀಟಿ ತಲೆ ವಾಲಿಸಿ ಕೇಳುತ್ತಾನೆ. ಬಳಿಕ ತಂತಿ ಸರಿಸಿ, ಅದು ತಾಕಿದ ಕಡೆ ಮೂಡಿದ ಹೊಳೆಯುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ತಗ್ಗು ಇದೆ ಎಂದರ್ಥ. ಮತ್ತೆ ಅರ. ಒಂದು ತಂತಿ ಸರಿಯಾದರೆ ಪಕ್ಕದ್ದು ಕೆಟ್ಟಿರುತ್ತದೆ. ನಾಲ್ಕೂ ತಂತಿ ಒಂದೇ ಬಗೆಯಲ್ಲಿ ತೆರೆದುಕೊಳ್ಳುವಂತೆ ಮಾಡುವುದು ಜಾಣ್ಮೆಯ ಪರೀಕ್ಷೆ. ಇದಕ್ಕೆ ಅಳತೆಪಟ್ಟಿಯಿಲ್ಲ. ಯಂತ್ರದಲ್ಲಿ ಕುದುರೆ ಕಡೆಯಬಹುದು, ಕಡೆಯುತ್ತಾರೆ ಕೂಡ. ಕೊನೆಯ ನಾಲ್ಕು ಎಳೆತ ಮಾತ್ರ ಕೈಯದೇ. ಅತಿಯಾಗಿ ತೆರೆದ ಜವಾರಿ ಡಬ್ಬಿಯಲ್ಲಿ ಸಿಕ್ಕ ನೊಣದ ಹಾಗೆ ಗುಂಯ್‌ಗುಡುತ್ತದೆ. ಕೇಳುವವರಿಗೆ ಮೊದಲ ಗಳಿಗೆ ಅದೇ ಆಕರ್ಷಕ, ಅಂಗಡಿಯಲ್ಲಿ ಗಿರಾಕಿ ಮರುಳಾಗುವುದೂ ಅದಕ್ಕೇ. ಹಾಡುವವರಿಗೆ ಅರ್ಧ ತಾಸಿನಲ್ಲಿ ಬೇಸರ. ಪಳಗಿದ ಗಾಯಕರು ತುಸು ಮುಚ್ಚಿದ, ಗುಂಡಗಿನ ಜವಾರಿ ಬಯಸುತ್ತಾರೆ.

ಸರಿಯಾದ ಜವಾರಿಯ ಗುರುತು ಸುಲಭ. ಖರ್ಜದ ಷಡ್ಜ ಮೀಟಿ ಸುಮ್ಮನೆ ಕೇಳಿ. ಯಾರೂ ನುಡಿಸದ ಗಾಂಧಾರವೊಂದು ಮೇಲಿನಿಂದ ಸ್ಪಷ್ಟವಾಗಿ ಕೇಳಬೇಕು. ಅದು ಆ ತಂತಿಯ ಐದನೇ ಸ್ವರಾಂಶ. ಪಂಚಮದ ತಂತಿಯಿಂದ ಅದೇ ಲೆಕ್ಕದಲ್ಲಿ ನಿಷಾದ ಬರುತ್ತದೆ. ಗಾಯಕಿಯ ಗಾಂಧಾರ ತಂಬೂರಿಯ ಗಾಂಧಾರದೊಳಗೆ ಕರಗುವ ಹೊತ್ತು ಬೈಠಕ್ಕಿನಲ್ಲಿ ಬಲ್ಲವರ ತಲೆ ತೂಗುವುದು ಸುಮ್ಮನೆ ಅಲ್ಲ.

ಈ ವಿಚಿತ್ರ ಸಿ.ವಿ. ರಾಮನ್ನರ ಕಿವಿಗೂ ಬಿದ್ದಿತ್ತು. ಬೆಂಗಳೂರಿಗೆ ಬರುವ ಮೊದಲೇ, ಕೋಲ್ಕತ್ತಾದಲ್ಲಿದ್ದಾಗ, 1921ರಲ್ಲಿ ಅವರು ತಂಬೂರಿ ಮತ್ತು ವೀಣೆಯ ಕುದುರೆಗಳ ಬಗ್ಗೆ ಪುಟ್ಟ ಪ್ರಬಂಧ ಬರೆದರು. ತಂತಿಯನ್ನು ನಟ್ಟನಡುವೆ ಮೀಟಿದರೆ, ಆ ಜಾಗದಲ್ಲಿ ಅಲುಗದೆ ನಿಲ್ಲಬೇಕಾದ ಸ್ವರಾಂಶಗಳು, ಎಂದರೆ ಎರಡನೆಯದು, ನಾಲ್ಕನೆಯದು, ಏಳಲೇಬಾರದು ಎನ್ನುವುದು ಯುರೋಪಿನ ವಿಜ್ಞಾನಿಗಳ ನಿಯಮ. ತಂಬೂರಿಯಲ್ಲಿ ಅವೂ ಜೋರಾಗಿ ಕೇಳುತ್ತವೆ ಎಂದು ರಾಮನ್ ತೋರಿಸಿ, ಕಾರಣ ಬಾಗಿದ ಕುದುರೆ ಮತ್ತು ದಾರ ಎಂದರು. ಹೆಸರು ಗೊತ್ತಿಲ್ಲದ ಬಡಿಗರು ಕಿವಿಯಿಂದ ಕಂಡುಕೊಂಡಿದ್ದಕ್ಕೆ ಭೌತಶಾಸ್ತ್ರ ತಡವಾಗಿ ಹಾಕಿದ ಸಹಿ ಅದು.

ಕೈಗೆ ಒಗ್ಗುವ ಮಾತು ಬಾಕಿ ಉಳಿಯಿತು. ತಂಬೂರಿಯಲ್ಲಿ ಅದು ಎಡಗೈಯ ಸುಖವಲ್ಲ. ಪಂಚಮವನ್ನು ನಡುಬೆರಳಿನಿಂದ, ಉಳಿದ ಮೂರನ್ನು ತೋರುಬೆರಳಿನಿಂದ, ಉಗುರು ತಾಕಿಸದೆ ಬೆರಳಿನ ಮಾಂಸದ ಬದಿಯಿಂದ ಸವರಿ ಬಿಡಬೇಕು. ತಾಳಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಡು ಓಡಿದರೂ ತಂಬೂರಿ ಓಡಬಾರದು. ಹೊಸ ಶಿಷ್ಯರು ಗುರುಗಳಿಂದ ಬೈಸಿಕೊಳ್ಳುವುದು ಬಹುಪಾಲು ಇಲ್ಲೇ. ಒಳ್ಳೆಯ ವಾದ್ಯ ಇಷ್ಟು ಮೆಲ್ಲನೆಯ ಸ್ಪರ್ಶಕ್ಕೂ ತುಂಬಿ ನುಡಿಯುತ್ತದೆ. ಇನ್ನು ಕುಂಟಿಗಳು: ತಿರುವಿದಲ್ಲಿ ನಿಲ್ಲಬೇಕು, ಜಾರಬಾರದು, ಕಚ್ಚಿಕೊಂಡು ಜಗ್ಗಲೂಬಾರದು. ಜಾರುವ ಕುಂಟಿಗೆ ಚಾಕ್‌ಪೀಸಿನ ಪುಡಿ ಹಳೆಯ ಮದ್ದು. ಸೂಕ್ಷ್ಮ ಹೊಂದಾಣಿಕೆಗೆ ಕುದುರೆಯ ಕೆಳಗೆ ತಂತಿಗೆ ಪೋಣಿಸಿದ ಮಣಿಗಳಿವೆ, ಒತ್ತಿದರೆ ಸುರ ಏರುತ್ತದೆ. ಅಳತೆಯೂ ಮುಖ್ಯ. ಹಾರ್ಮೋನಿಯಂ ಪೇಟಿಯ ಕರಿ ಒಂದರಲ್ಲಿ ಹಾಡುವ ಗಂಡುಕಂಠಕ್ಕೆ ದೊಡ್ಡದು, ಕರಿ ಐದರ ಹೆಣ್ಣುಕಂಠಕ್ಕೆ ಚಿಕ್ಕದು. ದೊಡ್ಡ ತಂಬೂರಿಯನ್ನು ಬಲವಂತವಾಗಿ ಏರಿಸಿದರೆ ತಂತಿ ಹರಿಯುತ್ತದೆ, ಚಿಕ್ಕದನ್ನು ಇಳಿಸಿದರೆ ತಂತಿ ಜೋಲಿ ಹೊಡೆದು ಜವಾರಿ ಸಾಯುತ್ತದೆ.

ಬೆಂಗಳೂರಿನಲ್ಲಿ ಜಿ. ರಾಜನಾರಾಯಣ್ 1979ರಲ್ಲಿ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ತಂದ ಮೇಲೆ ರಿಯಾಜಿಗೆ ಶಿಷ್ಯೆಯೊಬ್ಬಳನ್ನು ಕೂರಿಸುವ ಕಾಲ ಹೋಯಿತು, ಈಗ ಮೊಬೈಲಿನಲ್ಲೇ ಸಿಗುತ್ತದೆ. ಅದನ್ನು ಹಳಿಯುವುದು ಜಂಭ. ಸಾವಿರಾರು ಮಕ್ಕಳ ಸ್ವರ ನಿಂತದ್ದು ಆ ಪೆಟ್ಟಿಗೆಯಿಂದ. ಮಿರಜದ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು, ಸಂತೋಷ. ಆದರೆ ನಿಜವಾದ ಚಿಂತೆ ಪೆಟ್ಟಿಗೆಯದಲ್ಲ, ಹೊಲದ್ದು. 1980ರಲ್ಲಿ ಉಜನಿ ಅಣೆಕಟ್ಟು ಮುಗಿದ ಮೇಲೆ ಪಂಢರಪುರದ ಸುತ್ತ ಕಬ್ಬು ಹಬ್ಬಿತು. ತಿನ್ನಲು ಬಾರದ, ಕೊಳ್ಳುವವರೂ ಬೆರಳೆಣಿಕೆಯ ಕಹಿ ಸೋರೆಗೆ ಯಾವ ರೈತ ಹೊಲ ಬಿಟ್ಟಾನು? ಸರ್ಟಿಫಿಕೇಟು ಬುರುಡೆ ಬೆಳೆಸುವುದಿಲ್ಲ. ಹೊಳೆಯ ಈ ಕೆಳದಂಡೆಯಲ್ಲಿ, ಇಂಡಿ-ಸಿಂದಗಿಯ ಎರೆಭೂಮಿಯಲ್ಲಿ ಯಾರಾದರೂ ಬದುವಿಗೆ ನಾಲ್ಕು ಬಳ್ಳಿ ಹಬ್ಬಿಸಿ ನೋಡಬಾರದೇಕೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಕೊಳ್ಳುವವರಿಗೆ ಎರಡು ಮಾತು. ಕುಸುರಿಯನ್ನು ಕೊನೆಯಲ್ಲಿ ನೋಡಿ. ಮೊದಲು ದಾಂಡಿಯ ತುದಿಯಿಂದ ಒಂದು ಕಣ್ಣು ಮುಚ್ಚಿ ನೇರ ಇದೆಯೇ ಪರೀಕ್ಷಿಸಿ, ಗುಲುವಿನ ಬೆಸುಗೆಯಲ್ಲಿ ಬಿರುಕು ಹುಡುಕಿ, ಬುರುಡೆಯನ್ನು ಸುತ್ತಲೂ ತಟ್ಟಿ ಒಡಕು ದನಿ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಬಳಿಕ ನಿಮ್ಮ ಸುರಕ್ಕೇ ಶ್ರುತಿ ಮಾಡಿಸಿ ಕಾಲು ತಾಸು ಕೂತು ಕೇಳಿ, ಆಗುವುದಾದರೆ ಹಾಡಿ. ಮನೆಗೆ ತಂದ ಮೇಲೆ ಬೇಸಿಗೆಯ ಬಿಸಿಲಿನ ಕಿಟಕಿ, ಮಳೆಗಾಲದ ತೇವದ ಗೋಡೆ ಎರಡರಿಂದಲೂ ದೂರ ಇಡಿ; ಬಸ್ಸಿಗೆ ಏರಿಸುವಾಗ ತಂತಿ ಸಡಿಲಿಸಿ, ಬುರುಡೆಗೆ ದುಪ್ಪಟಿ ಸುತ್ತಿ. ದಿನವೂ ನುಡಿಸಿದರೆ ಕುದುರೆಯ ಮೇಲೆ ತಂತಿ ತನ್ನ ಜಾಡು ಕೊರೆದುಕೊಳ್ಳುತ್ತದೆ, ಗಾಂಧಾರ ಮಂಕಾಗುತ್ತದೆ. ಆಗ ಹೊಸದು ಕೊಳ್ಳಬೇಕಿಲ್ಲ, ಕುದುರೆ ಉಜ್ಜಿಸಿ ಜವಾರಿ ಮತ್ತೆ ಕೂಡಿಸಿದರೆ ಆಯಿತು. ಮಿರಜದ ಕಾರೀಗರರು ಅರ, ತಂತಿ, ದಾರದ ಉಂಡೆ ಕಟ್ಟಿಕೊಂಡು ಸಂಗೀತದ ಊರುಗಳಿಗೆ ಆಗಾಗ ಬಂದು ಹೋಗುತ್ತಾರೆ. ಹತ್ತಿರದ ಸಂಗೀತ ಶಾಲೆಯಲ್ಲಿ ಹೇಳಿಟ್ಟರೆ ಯಾವಾಗ ಬರುತ್ತಾರೆಂದು ತಿಳಿಸುತ್ತಾರೆ.