ಹಿತ್ತಲ ಮಡಿಗೆ ಎಂಥ ಹಲಗೆ?

ಹಿತ್ತಲಲ್ಲಿ ಮೆಂತ್ಯೆ, ಪಾಲಕ, ರಾಜಗಿರಿ, ಕೊತ್ತಂಬರಿಯ ನಾಲ್ಕು ಮಡಿಗಳಿದ್ದರೆ ಮನೆಯೊಡತಿಗೆ ಸಂತೆಯ ಹಂಗು ಅರ್ಧ ತಪ್ಪುತ್ತದೆ. ಆದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗದ ಎರೆಮಣ್ಣಿನಲ್ಲಿ ಮಡಿಯ ಅಂಚು ನಿಲ್ಲುವುದು ಕಷ್ಟ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಕಿತ್ತೂರಿನ ಕಡೆ ಮಳೆ ಹೆಚ್ಚಾದ್ದರಿಂದ ಮಣ್ಣು ಕೊಚ್ಚಿಹೋಗುವ ಭಯ. ಎರಡೂ ಕಡೆ ಹಲಗೆಯ ಅಂಚು ಉಪಕಾರಿ. ಆದರೆ ಆಯ್ಕೆ ತಪ್ಪಿದರೆ ಹಣ ಹೋಗುವುದಲ್ಲದೆ, ಮಕ್ಕಳ ತಾಟಿಗೆ ವಿಷವೂ ಬರಬಹುದು.

ಯಾವ ಕಟ್ಟಿಗೆ ಲೇಸು?

ಮರದ ಹೆಸರಿಗಿಂತ ಮರದ ಭಾಗ ಮುಖ್ಯ. ಒಳಗಿನ ಕಪ್ಪು ಬಣ್ಣದ ಚೇಗು ಬಾಳುತ್ತದೆ. ಹೊರಗಿನ ಬಿಳಿ ಭಾಗವನ್ನು, ಅದು ಸಾಗುವಾನಿಯದೇ ಆಗಿದ್ದರೂ, ಗೆದ್ದಲು ಬೇಗ ತಿನ್ನುತ್ತದೆ. ಸಾಗುವಾನಿಯ ಚೇಗು ಶ್ರೇಷ್ಠ, ಆದರೆ ತುಟ್ಟಿ. ಬಲಿತ ಕರಿಜಾಲಿ, ಬೇವು ನಮ್ಮ ಹೊಲದ ಬದುವಿನಲ್ಲೇ ಸಿಗುವಂಥವು. ಮಾವಿನ ಹಲಗೆ ಅಗ್ಗವೆಂದು ತಂದರೆ ಹಸಿ ನೆಲದಲ್ಲಿ ಬಹುಕಾಲ ಉಳಿಯದು. ಬಳ್ಳಾರಿ ಜಾಲಿಯಿಂದ ನೇರವಾದ ಹಲಗೆ ಸಿಗುವುದು ವಿರಳ. ಗೂಟಗಳಿಗೆ ಮಾತ್ರ ಅದು ಗಟ್ಟಿ.

ಹಳೆಯ ಮನೆಯ ತೊಲೆ, ಜಂತಿ

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯ ಪ್ರವಾಹಕ್ಕೆ ಸವದತ್ತಿ, ರಾಮದುರ್ಗ ತಾಲೂಕುಗಳ ನದಿದಂಡೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಅಂಥ ಮಾಳಿಗೆ ಮನೆಗಳ ತೊಲೆ, ಜಂತಿ, ಕಂಬಗಳನ್ನು ಸೌದೆಯ ಬೆಲೆಗೆ ಮಾರುವುದಕ್ಕೆ ಮುನ್ನ ಒಮ್ಮೆ ಬಡಿಗೇರರಿಗೆ ತೋರಿಸಬೇಕೆಂದು ನಾವು ಹೇಳುತ್ತೇವೆ. ಅಜ್ಜ ಮುತ್ತಜ್ಜರು ಆರಿಸಿ ಹಾಕಿಸಿದ ಆ ಕಟ್ಟಿಗೆ ದಶಕಗಳಿಂದ ಒಣಗಿದೆ. ಇನ್ನು ಸೊಟ್ಟಗಾಗುವುದು ಕಡಿಮೆ. ಬಡಿದಾಗ ಟೊಳ್ಳು ದನಿ ಬಂದರೆ, ಸಣ್ಣ ರಂಧ್ರಗಳಿಂದ ಹುಡಿ ಉದುರಿದರೆ ಬೇಡ.

ಇವು ಬೇಡ

ಹಳೆಯ ಬಣ್ಣದ ಬಾಗಿಲು, ಕಿಟಕಿಗಳನ್ನು ಸೊಪ್ಪಿನ ಮಡಿಗೆ ಬಳಸಬಾರದು. ಹಿಂದಿನ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಮನೆಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸುವ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ರೈಲಿನ ಹಳೆಯ ಮರದ ಸ್ಲೀಪರುಗಳಿಗೆ ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ ಕುಡಿಸಿರುತ್ತಾರೆ, ಅದೂ ಸಲ್ಲದು. ಗೆದ್ದಲಿಗೆಂದು ಟ್ರಾಕ್ಟರಿನ ಸುಟ್ಟ ಆಯಿಲ್ ಬಳಿಯುವ ರೂಢಿಯನ್ನೂ ತರಕಾರಿಯ ಬಳಿ ಬಿಡಬೇಕು. ಅದರ ಬದಲು ಅಗಸೆ ಎಣ್ಣೆಯನ್ನು ಎರಡು ಸಲ ಬಳಿದರೆ ನೀರು ಹೀರುವುದು ತಗ್ಗುತ್ತದೆ, ಗೆದ್ದಲನ್ನು ಮಾತ್ರ ಅದು ತಡೆಯದು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯ ಮೇಲೆ ‘ಎಚ್‌ಟಿ’ ಮುದ್ರೆಯಿದ್ದರೆ ಶಾಖದಿಂದ ಶುದ್ಧೀಕರಿಸಿದ್ದು. ‘ಎಂಬಿ’ ಎಂದಿದ್ದರೆ ವಿಷಾನಿಲ ಕೊಟ್ಟದ್ದು, ಬಿಡಿರಿ.

ಕೂಡಿಸುವ ಕ್ರಮ

ಹಲಗೆ ಒಂದೂವರೆ ಇಂಚು ದಪ್ಪ, ಎಂಟು ಇಂಚು ಎತ್ತರವಿರಲಿ. ಮಡಿ ನಾಲ್ಕು ಅಡಿಗಿಂತ ಅಗಲವಾದರೆ ನಡುವಿನ ಕಳೆಗೆ ಕೈ ನಿಲುಕದು. ನೀರೂ ಗಾಳಿಯೂ ಕೂಡುವ ನೆಲಮಟ್ಟದಲ್ಲಿಯೇ ಕಟ್ಟಿಗೆ ಮೊದಲು ಕೊಳೆಯುವುದರಿಂದ, ಹಲಗೆಯ ಕೆಳಗೆ ಎರಡು ಇಂಚು ಗರಸು ಹಾಸಿ ನೀರು ಬಸಿಯಲು ದಾರಿ ಮಾಡಬೇಕು. ಎರೆಮಣ್ಣಿನಲ್ಲಿ ಮೂರು ಅಡಿಗೊಂದು ಗೂಟವನ್ನು ಒಂದೂವರೆ ಅಡಿ ಆಳಕ್ಕೆ ಬಡಿಯಬೇಕು. ಇಲ್ಲವಾದರೆ ಉಬ್ಬಿದ ಮಣ್ಣು ಹಲಗೆಯನ್ನು ಹೊರಕ್ಕೆ ದಬ್ಬುತ್ತದೆ. ಮಳೆಗಾಲದಲ್ಲಿ ಆಗಾಗ ಹಲಗೆಯ ಮೇಲಿನ ಗೆದ್ದಲ ಮಣ್ಣನ್ನು ಕೆರೆದು ತೆಗೆಯುತ್ತಿರಬೇಕು.

ಹೊಸ ಕಟ್ಟಿಗೆ ಕೊಳ್ಳುವವರು ಅಡ್ಡೆಯಲ್ಲಿ ಪಾವತಿ ಕೇಳಿ ಪಡೆಯಲಿ. ಗೆದ್ದಲಿನ ಕಾಟ ವಿಪರೀತವಿದ್ದಲ್ಲಿ ಹಟ ಬೇಡ. ಕಲ್ಲಿನ ಅಂಚೇ ಲೇಸು. ಹಲಗೆ ಯಾವುದಾದರೂ ಇರಲಿ, ಅದರ ಗುಣವನ್ನು ಅರಿತು ತಂದರೆ ಮನೆಮಂದಿಯ ಊಟಕ್ಕೆ ನಿರ್ಮಲವಾದ ಸೊಪ್ಪು ದೊರೆಯುವುದು.