ಕ್ಯಾಂಬೆಲ್ಲನ ವರದಿ ಮತ್ತು ಬಳ್ಳಾರಿಯ ಶಾಲೆಗಳು

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬಳ್ಳಾರಿ ಸೀಮೆಯು ಮೇಲಿಂದ ಮೇಲೆ ಒಡೆಯರನ್ನು ಬದಲಿಸಿತು. ಪಾಳೆಯಗಾರರು ಆಳುತ್ತಿದ್ದ ಈ ನಾಡು ಮೊದಲು ಹೈದರಾಲಿಯ ವಶವಾಯಿತು. ಮೂರನೆಯ ಮೈಸೂರು ಯುದ್ಧದ ಬಳಿಕ, 1792ರಲ್ಲಿ, ಟಿಪ್ಪುವಿನ ಕೈತಪ್ಪಿ ಹೈದರಾಬಾದಿನ ನಿಜಾಮನಿಗೆ ಸೇರಿತು. ನಿಜಾಮನು ತನ್ನ ರಕ್ಷಣೆಗಾಗಿ ಇರಿಸಿಕೊಂಡ ಸೈನ್ಯದ ವೆಚ್ಚಕ್ಕೆ ಬದಲಾಗಿ 1800ರಲ್ಲಿ ಇದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ಕೊಡಲ್ಪಟ್ಟುದರಿಂದಲೇ ಇದಕ್ಕೆ ‘ದತ್ತಮಂಡಲ’ ಎಂಬ ಹೆಸರು ಬಂದಿತು. ದಂಡು ಹಾದುಹೋದ ಹಾದಿಯಲ್ಲಿ ರೈತನ ಪಾಡು ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಕಣಜದ ಕಾಳೂ ಕೊಟ್ಟಿಗೆಯ ಎತ್ತೂ ಯಾರದೋ ಪಾಲಾಗುತ್ತಿದ್ದವು. ದತ್ತಮಂಡಲದ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಪಾಳೆಯಗಾರರನ್ನು ಅಡಗಿಸಿ, ಕಂದಾಯದ ವ್ಯವಸ್ಥೆಯನ್ನು ನಿಲ್ಲಿಸಿದನು.

ಇದೇ ಮನ್ರೋ ಮುಂದೆ ಮದರಾಸಿನ ಗವರ್ನರನಾದನು. ಪ್ರಾಂತದಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬುದನ್ನು ತಿಳಿಸಬೇಕೆಂದು 1822ರಲ್ಲಿ ಎಲ್ಲ ಕಲೆಕ್ಟರರಿಗೂ ಅವನ ಸರ್ಕಾರ ಆಜ್ಞೆ ಮಾಡಿತು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಉತ್ತರ ಕಳುಹಿಸಿದನು. ಈತ ತೆಲುಗು ಭಾಷೆಗೆ ವ್ಯಾಕರಣ ಬರೆದ ವಿದ್ವಾಂಸ. ಆದುದರಿಂದ ಬರಿಯ ಅಂಕಿಗಳನ್ನು ತುಂಬಿ ಕೈತೊಳೆದುಕೊಳ್ಳಲಿಲ್ಲ.

ಆ ವರದಿಯಂತೆ ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಶಾಲೆಗಳು ಮತ್ತು ಒಂದೇ ಒಂದು ಇಂಗ್ಲಿಷ್ ಶಾಲೆ. (ಇಂದಿನ ಅನಂತಪುರವೂ ಆಗ ಈ ಜಿಲ್ಲೆಗೇ ಸೇರಿತ್ತು.) ಎಲ್ಲ ಶಾಲೆಗಳಲ್ಲಿಯೂ ಸೇರಿ ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಹುಡುಗಿಯರು ಕೇವಲ ಅರುವತ್ತು.

ಈ ಶಾಲೆಗಳ ದಿನಚರಿಯನ್ನು ಕ್ಯಾಂಬೆಲ್ ಕುತೂಹಲದಿಂದ ಬಣ್ಣಿಸಿದ್ದಾನೆ. ಮಗುವಿಗೆ ಐದು ವರ್ಷ ತುಂಬಿದಾಗ ಗುರುವನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆದು, ಗಣೇಶನ ಮುಂದೆ ಅಕ್ಕಿಯಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಶಾಲೆ ಬೆಳಿಗ್ಗೆ ಆರಕ್ಕೆ ಆರಂಭ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಒಂದು ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏರುತ್ತ ಹೋಗುವುದು. ಕೊನೆಗೆ ಬಂದವನ ಗತಿಯನ್ನು ಊಹಿಸಬಹುದು! ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಿ ಕೈ ಪಳಗಿದ ಮೇಲೆ, ಇದ್ದಿಲ ಪುಡಿ ಲೇಪಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರವಣಿಗೆ. ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುತ್ತಿದ್ದರು. ಇಂಗ್ಲೆಂಡಿನವರೂ ಅನುಸರಿಸಿದ ಈ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿಕೊಂಡಿದ್ದಾನೆ. ಆದರೆ ಅರ್ಥವರಿಯದೆ ಪದ್ಯಗಳನ್ನು ಉರುಹೊಡೆಯುವುದನ್ನು ಅವನು ಒಪ್ಪಲಿಲ್ಲ.

ವರದಿಯ ಸಾರವಿರುವುದು ಇವುಗಳಲ್ಲಲ್ಲ. ಮೊದಲು ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲವೆಂದೂ, ದೊಡ್ಡ ಶಾಲೆಗಳಿದ್ದೆಡೆ ಕೆಲವೇ ಅನುಕೂಲಸ್ಥರ ಮಕ್ಕಳು ಉಳಿದಿದ್ದಾರೆಂದೂ ಅವನು ಬರೆದನು. ಯುದ್ಧಗಳು ನಿಂತು ಇಪ್ಪತ್ತು ವರ್ಷಗಳು ಕಳೆದಿದ್ದರೂ ಹೀಗೇಕಾಯಿತು? ನಾಡಿನ ಬಡತನವೇ ಕಾರಣವೆಂಬುದು ಅವನ ಉತ್ತರ. ವಿಲಾಯಿತಿ ಬಟ್ಟೆ ಬಂದು ನೇಕಾರರ ಕಸುಬು ಕುಗ್ಗಿತು. ಸೈನ್ಯವು ದೂರದ ಗಡಿಗಳಿಗೆ ಹೋದುದರಿಂದ ಧಾನ್ಯಕ್ಕೆ ಗಿರಾಕಿ ಕಡಿಮೆಯಾಯಿತು. ನಾಡಿನ ಹಣ ನಾಡಿನಲ್ಲಿಯೇ ವೆಚ್ಚವಾಗದೆ ಹೊರಗೆ ಹರಿಯಿತು. ತಂದೆತಾಯಿಗಳಿಗೆ ಗುರುವಿನ ಸಂಬಳ ಕೊಡುವ ಶಕ್ತಿಯಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಎಳೆಯ ಕೈಕಾಲುಗಳಿಗೆ ತುಸು ಕಸುವು ಬಂದೊಡನೆಯೇ ಮಗುವಿನ ದುಡಿಮೆ ಮನೆಗೆ ಬೇಕಾಗುತ್ತಿತ್ತು. ಈ 533 ಶಾಲೆಗಳಲ್ಲಿ ಒಂದಕ್ಕಾದರೂ ಸರ್ಕಾರದ ನೆರವಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆಂದು ಆ ಸರ್ಕಾರದ ಅಧಿಕಾರಿಯೇ ಬರೆದನು. ಒಬ್ಬ ಕಲೆಕ್ಟರನು ತನ್ನ ಮೇಲಧಿಕಾರಿಗಳಿಗೆ ಇಂಥ ಮಾತನ್ನು ಬರೆಯುವುದು ಸಾಮಾನ್ಯ ಧೈರ್ಯವಲ್ಲ.

ಮನ್ರೋ 1826ರಲ್ಲಿ ಜಿಲ್ಲಾ ಕೇಂದ್ರಗಳಲ್ಲಿಯೂ ತಾಲ್ಲೂಕುಗಳಲ್ಲಿಯೂ ಸರ್ಕಾರಿ ಶಾಲೆಗಳನ್ನು ತೆರೆಯುವ ಯೋಜನೆ ಮಾಡಿದನು. ಮರುವರ್ಷವೇ ಇದೇ ದತ್ತಮಂಡಲದ ಸಂಚಾರದಲ್ಲಿರುವಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. ಹತ್ತು ವರ್ಷಗಳಲ್ಲಿ ಆ ಶಾಲೆಗಳನ್ನೂ ಕೈಬಿಡಲಾಯಿತು. ಬಳಿಕ ಬಳ್ಳಾರಿಯಲ್ಲಿ ವಿದ್ಯೆಯ ಹೊಣೆಯನ್ನು ಬಹುಮಟ್ಟಿಗೆ ಹೊತ್ತವು ಮಿಷನರಿಗಳ ಶಾಲೆಗಳು ಮತ್ತು 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘದಂತಹ ಜನರ ಸಂಸ್ಥೆಗಳು.

ಕ್ಯಾಂಬೆಲ್ ಕಂಡ ತೊಡಕು ಬಳ್ಳಾರಿಯೊಂದರದೇ ಅಲ್ಲ. ಆಫ್ರಿಕದ ಸಿಯೆರಾ ಲಿಯೋನ್ ದೇಶದಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆದು ಅಸಂಖ್ಯ ಶಾಲೆಗಳು ನಾಶವಾದವು. ಗೋಡೆಗಳನ್ನು ಮತ್ತೆ ಎಬ್ಬಿಸಿದರೂ ಬಡವರ ಮಕ್ಕಳನೇಕರು ವಜ್ರದ ಗಣಿಗಳಲ್ಲಿಯೂ ಸಂತೆಗಳಲ್ಲಿಯೂ ದುಡಿಯುತ್ತಲೇ ಇದ್ದರು. ಅಲ್ಲಿನ ಸರ್ಕಾರ 2018ರಲ್ಲಿ ಸರ್ಕಾರಿ ಶಾಲೆಗಳ ಶುಲ್ಕವನ್ನು ತೆಗೆದುಹಾಕಬೇಕಾಯಿತು. ವಜ್ರದ ಬದಲಿಗೆ ಕಬ್ಬಿಣದ ಅದಿರೆಂದರೆ ನಮ್ಮ ಜಿಲ್ಲೆಯ ಕಥೆಯೇ ಆಗುತ್ತದೆ: ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ ಸೀಮೆಯ ಅದಿರಿನ ರಾಶಿಗಳ ಬಳಿಯೂ ಮಕ್ಕಳು ಸುತ್ತಿಗೆ ಹಿಡಿದಿದ್ದರು.

ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ಇಂದು ತುಂಗಭದ್ರೆಯ ಕಾಲುವೆ ನೀರಿನಿಂದ ಭತ್ತ ಬೆಳೆಯುತ್ತದೆ. ಹತ್ತಿ, ಮೆಣಸಿನಕಾಯಿಗಳೂ ಹೇರಳ. ನೀರಿಲ್ಲದ ಊರುಗಳ ಕೂಲಿಕಾರರು ಗುಳೆ ಹೋಗುತ್ತಾರೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೆ ಕ್ಯಾಂಬೆಲ್ಲನ ಮಾತು ಹಳೆಯದೆನಿಸುವುದಿಲ್ಲ. ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ನೀಡುವ ‘ಅಕ್ಷರ ದಾಸೋಹ’ವನ್ನು 2002ರ ಜೂನ್‌ನಲ್ಲಿ ಆರಂಭಿಸಿದಾಗ ಸರ್ಕಾರವು ಮೊದಲು ಆರಿಸಿಕೊಂಡ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಗಿದ್ದುದು ಆಕಸ್ಮಿಕವಲ್ಲ. ಒಂದು ಹೊತ್ತಿನ ಊಟ ಶಾಲೆಯಲ್ಲಿ ಸಿಕ್ಕರೆ ಮಗುವಿನ ಕೂಲಿಯ ಮೇಲೆ ಮನೆಯವರ ಅವಲಂಬನೆ ಅಷ್ಟರಮಟ್ಟಿಗೆ ತಗ್ಗುತ್ತದೆ. 2010ರಲ್ಲಿ ಜಾರಿಗೆ ಬಂದ ಕಾಯಿದೆಯಂತೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕಾಗಿದೆ.

ಹುಡುಗಿಯರ ವಿಷಯದಲ್ಲಿ ಊಟವೊಂದೇ ಸಾಲದು. 2011ರ ಜನಗಣತಿಯಲ್ಲಿ ಜಿಲ್ಲೆಯ ಪುರುಷರಲ್ಲಿ ನೂರಕ್ಕೆ ಸುಮಾರು 77 ಮಂದಿ ಅಕ್ಷರಸ್ಥರಾಗಿದ್ದರೆ ಹೆಂಗಸರಲ್ಲಿ 58 ಮಂದಿ ಮಾತ್ರ. ತಾಯಿ ಹೊಲಕ್ಕೆ ಹೋದಾಗ ತೊಟ್ಟಿಲ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಅಕ್ಕನೇ. ಅಂಗನವಾಡಿಯು ಊರಿಗೆ ಹತ್ತಿರವಿದ್ದು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದರೆ, ಅವಳು ತಮ್ಮನನ್ನು ಅಲ್ಲಿ ಬಿಟ್ಟು ಮುಂದಿನ ಬೀದಿಯ ಶಾಲೆಗೆ ಹೋಗಬಲ್ಲಳು.